ಗುಜರಿಯಿಂದ ತಂದ ರೈಲು ಹಾರ್ನಿಗೆ ಮನೆಯಲ್ಲಿ ಗಾಳಿ ಕೊಡುವುದು

(ವಿಜಯಪುರದಲ್ಲಿ ಹಳೆಯ ಯಂತ್ರಗಳ ಹವ್ಯಾಸಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಮಾನ್ಯರೇ,

ಈ ಮೇಜಿನ ಮೇಲೆ ಗೋಣಿಚೀಲದಲ್ಲಿ ಸುತ್ತಿ ತಂದಿರುವ ವಸ್ತುವನ್ನು ಬಿಚ್ಚುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಇದನ್ನು ನಾನು ಇವತ್ತು ಇಲ್ಲಿ ಬಾರಿಸುವುದಿಲ್ಲ. ಆಮಂತ್ರಣದಲ್ಲಿ ‘ಪ್ರಾತ್ಯಕ್ಷಿಕೆಯೊಂದಿಗೆ’ ಎಂದು ಅಚ್ಚಾಗಿರುವುದನ್ನು ನೋಡಿ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ನಿರಾಸೆಯಾಗಬಹುದು. ಆದರೆ ಯಾಕೆ ಬಾರಿಸುವುದಿಲ್ಲ ಎಂಬುದನ್ನು ವಿವರಿಸುವುದರಲ್ಲೇ ನನ್ನ ಉಪನ್ಯಾಸದ ಮುಕ್ಕಾಲು ಪಾಲು ಮುಗಿಯುತ್ತದೆ. ಹದಿನಾಲ್ಕು ವರ್ಷಗಳಿಂದ ಹಳೆಯ ರೈಲು ಹಾರ್ನುಗಳನ್ನು ಕೂಡಿಹಾಕುತ್ತ ಬಂದಿದ್ದೇನೆ. ನನ್ನ ಬಳಿ ಈಗ ಏಳು ಇವೆ. ಅವುಗಳನ್ನು ಬಾರಿಸಿದ ಒಟ್ಟು ಸಮಯವನ್ನು ಕೂಡಿಸಿದರೆ ಒಂದು ಗಂಟೆಯೂ ಆಗಲಿಕ್ಕಿಲ್ಲ. ಬಿಚ್ಚುವುದು, ತೊಳೆಯುವುದು, ಜೋಡಿಸುವುದು, ಪೈಪು ಸೋರುವುದನ್ನು ಹುಡುಕುವುದು, ನೆರೆಯವರ ಮನವೊಲಿಸುವುದು, ಇವಕ್ಕೇ ವರ್ಷಗಳು ಹೋಗಿವೆ. ಈ ಹವ್ಯಾಸದಲ್ಲಿ ಹಾರ್ನು ಸಣ್ಣ ಭಾಗ, ಗಾಳಿ ದೊಡ್ಡ ಭಾಗ. ಅದನ್ನು ಹಿಡಿದಿಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ಭಾಗ.

ಈಗ ಚೀಲ ಬಿಚ್ಚುತ್ತೇನೆ. ನಿಮಗೆ ಕಾಣುತ್ತಿರುವುದು ಡೀಸೆಲ್ ಎಂಜಿನ್ನಿನಿಂದ ಬಿಚ್ಚಿದ ಹಾರ್ನಿನ ಜೋಡಿ. ಉದ್ದದ್ದು ಸುಮಾರು ಅರ್ಧ ಮೀಟರ್ ಇದೆ, ಗಿಡ್ಡದ್ದು ಅದಕ್ಕಿಂತ ನಾಲ್ಕು ಬೆರಳು ಕಡಿಮೆ. ಮುಂದಿನ ಬಾಯಿ ಉಮ್ಮತ್ತಿ ಹೂವಿನಂತೆ ಅಗಲವಾಗಿದೆ, ಹಿಂದಕ್ಕೆ ಹೋದಂತೆ ಸಣ್ಣದಾಗುತ್ತ ಕೊನೆಯಲ್ಲಿ ಒಂದು ಗಿಡ್ಡ ದುಂಡು ಡಬ್ಬಿಯಲ್ಲಿ ಸೇರಿಕೊಂಡಿದೆ. ಹಾರ್ನಿನ ಜೀವ ಇರುವುದು ಆ ಡಬ್ಬಿಯಲ್ಲಿ. ಅದರ ಮುಚ್ಚಳದ ಬೋಲ್ಟುಗಳನ್ನು ತೆಗೆದರೆ ಒಳಗೆ ತೆಳ್ಳನೆಯ ದುಂಡು ತಗಡು ಸಿಗುತ್ತದೆ, ಡಯಾಫ್ರಮ್ ಎನ್ನುತ್ತಾರೆ. ಕಹಳೆಯ ಹಿಂತುದಿಯ ಬಾಯಿ ಈ ತಗಡಿನ ನಟ್ಟನಡುವಿಗೆ ತಾಗಿ ಕುಳಿತಿರುತ್ತದೆ. ಡಬ್ಬಿಗೆ ಗಾಳಿ ನುಗ್ಗಿದಾಗ ತಗಡು ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ, ಆ ಸಂದಿನಿಂದ ಗಾಳಿ ಕಹಳೆಗೆ ಹಾರುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ತಗಡು ಮತ್ತೆ ಬಂದು ಬಾಯಿ ಮುಚ್ಚುತ್ತದೆ. ಒಂದು ಸೆಕೆಂಡಿನಲ್ಲಿ ಮುನ್ನೂರು ಸಲ ಹೀಗೆ ತೆರೆದು ಮುಚ್ಚಿದರೆ ನಮಗೆ ಕೇಳಿಸುವುದು ಒಂದೇ ಅಖಂಡ ಸ್ವರ.

ಎಷ್ಟು ಸಲ ತೆರೆದು ಮುಚ್ಚಬೇಕೆಂಬುದನ್ನು ತಗಡಿಗಿಂತ ಹೆಚ್ಚಾಗಿ ಕಹಳೆಯೇ ತೀರ್ಮಾನಿಸುತ್ತದೆ. ನಮ್ಮ ಕಡೆಯ ಮದುವೆಗಳಲ್ಲಿ ಸನಾದಿ ಕೇಳಿದವರಿಗೆ ಇದು ಹೊಸದಲ್ಲ: ಬಾಯಲ್ಲಿರುವ ಪೀಪಿ ಒಂದೇ, ಆದರೆ ಬೆರಳು ರಂಧ್ರಗಳನ್ನು ಮುಚ್ಚಿ ಗಾಳಿಯ ಕಂಬವನ್ನು ಉದ್ದ ಮಾಡಿದಂತೆ ಸ್ವರ ಕೆಳಗಿಳಿಯುತ್ತದೆ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಅರ್ಧ ಮೀಟರಿನ ಕಹಳೆಯ ಒಳಗಿನ ಗಾಳಿಯ ಕಂಬ ಬಾಯಿಯ ಅಂಚಿನಿಂದ ಆಚೆಗೂ ತುಸು ಚಾಚುವುದರಿಂದ ಲೆಕ್ಕಕ್ಕೆ 55 ಸೆಂಟಿಮೀಟರ್ ಎಂದು ಹಿಡಿದು, 343ನ್ನು ಅದರ ಇಮ್ಮಡಿಯಿಂದ ಭಾಗಿಸಿದರೆ 311ರ ಆಸುಪಾಸು ಬರುತ್ತದೆ. ಕಚ್ಚಾ ಲೆಕ್ಕವೇ ಆದರೂ ನನ್ನ ಉದ್ದ ಹಾರ್ನು ಇದರ ಹತ್ತಿರವೇ ಕೂಗುತ್ತದೆ. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಹೆಚ್ಚುತ್ತದೆ. ಡಿಸೆಂಬರಿನ 15 ಡಿಗ್ರಿಯ ಬೆಳಗಿಗೂ ವಿಜಯಪುರದ ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನಕ್ಕೂ ಲೆಕ್ಕದ ಪ್ರಕಾರ ಶೇಕಡಾ 4ರಷ್ಟು ಅಂತರ ಬರುತ್ತದೆ, ಅಂದರೆ ಹಾರ್ಮೋನಿಯಂನ ಪಕ್ಕದ ಮನೆಗೆ (ಕೀಲಿಗೆ) ಮುಕ್ಕಾಲು ದಾರಿ. ಸಂಗೀತ ಬಲ್ಲ ಒಬ್ಬ ಗೆಳೆಯರು ಬೇಸಿಗೆಯಲ್ಲಿ ನಮ್ಮ ತೋಟಕ್ಕೆ ಬಂದಾಗ, ಹಾರ್ನು ಚಳಿಗಾಲದಲ್ಲಿ ಕೇಳಿದ್ದಕ್ಕಿಂತ ಏರಿದೆ ಎಂದರು. ನಾನು ತಗಡು ಸಡಿಲಾಗಿದೆ ಎಂದುಕೊಂಡು ಸುಮ್ಮನೆ ಎರಡು ಸಲ ಬಿಚ್ಚಿ ಜೋಡಿಸಿದೆ. ಈ ಲೆಕ್ಕ ಹೊಳೆದದ್ದು ಆಮೇಲೆ.

ಹಾರ್ನು ಯಾಕೆ ಒಂಟಿಯಾಗಿರದೆ ಜೋಡಿಯಾಗಿರುತ್ತದೆ ಎಂದು ಒಬ್ಬರು ಕೇಳಿದರು. ಅದಕ್ಕೆ ಉಗಿಬಂಡಿಯ ಕಾಲಕ್ಕೆ ಹೋಗಬೇಕು. ಗದಗದಿಂದ ಬಾಗಲಕೋಟೆ, ವಿಜಯಪುರಗಳ ಮೇಲೆ ಹೊಟಗಿಗೆ ಹೋಗುವ ನಮ್ಮ ದಾರಿಯನ್ನು ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಮೀಟರ್ ಗೇಜಿನಲ್ಲಿ ಹಾಕಿದರು. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಚಿಕ್ಕದಾಗಿ ಎಂ ಅಂಡ್ ಎಸ್ಎಂ, ಎನಿಸಿತು. ನನ್ನ ಬಾಲ್ಯದಲ್ಲಿ ಈ ದಾರಿಯಲ್ಲಿ ಕಲ್ಲಿದ್ದಲಿನ ವೈಪಿ, ವೈಜಿ ಎಂಜಿನ್ನುಗಳು ಓಡುತ್ತಿದ್ದವು. ಅವುಗಳಲ್ಲಿ ಇದ್ದದ್ದು ಹಾರ್ನಲ್ಲ, ಸೀಟಿ. ಸೀಟಿಯಲ್ಲಿ ತಗಡಿಲ್ಲ, ಬಾಯ್ಲರಿನ ಉಗಿ ಒಂದು ತೆಳು ಸಂದಿನಿಂದ ಹೊರಬಂದು ಗಂಟೆಯಾಕಾರದ ಅಂಚಿಗೆ ಬಡಿದು ನಡುಗುತ್ತದೆ. ಅದರ ದನಿಯಲ್ಲಿ ಉಸಿರು ಬೆರೆತಿರುತ್ತದೆ. ಚಾಲಕನ ಕೈ ದಾರವನ್ನು ಎಳೆದ ರೀತಿಗೆ ತಕ್ಕಂತೆ ಅದು ಏರುತ್ತ ಇಳಿಯುತ್ತ ಇರುತ್ತಿತ್ತು. ಆ ಕಾಲದವರು ಇವತ್ತಿಗೂ ‘ರೈಲು ಸೀಟಿ ಹೊಡೀತು’ ಎನ್ನುತ್ತಾರೆಯೇ ಹೊರತು ಹಾರ್ನ್ ಎನ್ನುವುದಿಲ್ಲ.

ಡೀಸೆಲ್ ಬಂದ ಮೇಲೆ ಉಗಿ ಇಲ್ಲವಾಯಿತು, ಆದರೆ ಬ್ರೇಕಿಗಾಗಿ ಒತ್ತಿದ ಗಾಳಿ ಎಂಜಿನ್ನಿನಲ್ಲಿ ಇದ್ದೇ ಇತ್ತು. ಅದೇ ಗಾಳಿಯಿಂದ ಹಾರ್ನು ಊದಿಸಿದರು. ಉತ್ತರ ಅಮೆರಿಕದಲ್ಲಿ ಮೊದಮೊದಲು ಒಂದೇ ಸ್ವರದ ಹಾರ್ನು ಹಾಕಿದಾಗ, ರಸ್ತೆಯ ಮೇಲಿದ್ದವರು ಅದನ್ನು ಲಾರಿಯ ಹಾರ್ನೆಂದು ತಿಳಿದು ಗೇಟಿನಲ್ಲಿ ನಿಲ್ಲದೆ ಹೋದದ್ದುಂಟು. ಕೆನಡಾದ ರಾಬರ್ಟ್ ಸ್ವಾನ್ಸನ್ 1940ರ ದಶಕದ ಕೊನೆಯಲ್ಲಿ ಉಗಿ ಸೀಟಿಯ ಮೇಳದನಿಯನ್ನು ಗಾಳಿಯಲ್ಲಿ ಮರಳಿ ತರಲು ಐದಾರು ಕಹಳೆಗಳನ್ನು ಒಂದೇ ಬುಡಕ್ಕೆ ಜೋಡಿಸಿದರು. ಅವರೇ ಮುಂದೆ 1967ರಲ್ಲಿ, ಕೆನಡಾದ ಶತಮಾನೋತ್ಸವಕ್ಕಾಗಿ, ವ್ಯಾಂಕೂವರ್ ನಗರದಲ್ಲಿ ಆ ದೇಶದ ರಾಷ್ಟ್ರಗೀತೆಯ ಮೊದಲ ನಾಲ್ಕು ಸ್ವರಗಳನ್ನು ಊದುವ ಹತ್ತು ಹಾರ್ನುಗಳ ಗುಂಪನ್ನೂ ಮಾಡಿಕೊಟ್ಟರು. ಅದು ಮಧ್ಯಾಹ್ನದ ಹೊತ್ತಿಗೆ ಊದುತ್ತದೆ.

ಆ ಪರಂಪರೆಯ ನೇಥನ್ ಕೆ5ಎಲ್ಎ ಎಂಬ ಐದು ಕಹಳೆಯ ಹಾರ್ನು ಅಮೆರಿಕದ ಸಂಗ್ರಾಹಕರಿಗೆ ಬಲು ಪ್ರೀತಿಯದು. ಅದರ ಸ್ವರಗಳು ಸುಮಾರು 311, 370, 415, 494 ಮತ್ತು 622 ಹರ್ಟ್ಸ್. ನಾಲ್ಕನೆಯದನ್ನು ಷಡ್ಜವೆಂದು ಹಿಡಿದು ನಮ್ಮ ಕ್ರಮದಲ್ಲಿ ಓದಿದರೆ ಅದು ಗ ಪ ಧ ಸ ಗ ಆಗುತ್ತದೆ, ಎಲ್ಲವೂ ಶುದ್ಧ. ಅಂದರೆ ರಿಷಭ ಬಿಟ್ಟ ಭೂಪ್ ರಾಗ! ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿಯಲ್ಲೂ ಒಂದು ರೈಲು ನಿಲ್ದಾಣವಿದೆ. ಬೆಳಗಾವಿಯಿಂದ ಮೀರಜಿಗೆ ಹೋಗುವಾಗ ಅದನ್ನು ದಾಟುವಾಗಲೆಲ್ಲ ಅಲ್ಲೊಮ್ಮೆ ಈ ಐದು ಸ್ವರ ಕೇಳಿಸಿದ್ದರೆ ಎಂದು ನನಗೆ ಅನಿಸುವುದುಂಟು. ನಮ್ಮ ದೇಶದ ಎಂಜಿನ್ನುಗಳಲ್ಲಿ ಅಷ್ಟು ವೈಭವವಿಲ್ಲ: ಒಂದು ತಗ್ಗು ದನಿ, ಒಂದು ಏರುದನಿ, ಅಷ್ಟೇ. ಗದ್ದಲದಲ್ಲಿ ಒಂದು ಸ್ವರ ಮುಳುಗಿದರೂ ಇನ್ನೊಂದು ತೇಲುತ್ತದೆ.

ಸಂಗ್ರಹಿಸುವ ವಿಷಯಕ್ಕೆ ಬರೋಣ. ಸೇವೆಯಿಂದ ಇಳಿದ ಎಂಜಿನ್ನು ಮತ್ತು ಬಿಡಿಭಾಗಗಳನ್ನು ರೈಲ್ವೆ ಇಲಾಖೆ ಹರಾಜಿನಲ್ಲಿ ಮಾರುತ್ತದೆ. ಈಗ ಅದೆಲ್ಲ ಐರೆಪ್ಸ್ ಎಂಬ ರೈಲ್ವೆಯ ಜಾಲತಾಣದಲ್ಲಿ ನಡೆಯುತ್ತದೆ. ನನ್ನಂಥವನಿಗೆ ಒಂದು ಹಾರ್ನು ಬೇಕು, ಅಲ್ಲಿ ಮಾರುವುದು ಟನ್ನುಗಟ್ಟಲೆ ಲೋಹ. ಹಾಗಾಗಿ ಹರಾಜು ಹಿಡಿದ ಗುಜರಿಯವರಿಂದ, ನಮ್ಮ ಮಾತಿನಲ್ಲಿ ಮೋಡಕಾದವರಿಂದ, ತೂಕದ ಲೆಕ್ಕದಲ್ಲಿ ಕೊಳ್ಳಬೇಕು. ಕೊಳ್ಳುವಾಗ ಹಾರ್ನು ಒಡೆದಿದ್ದರೂ ಚಿಂತೆಯಿಲ್ಲ, ಕಾಗದ ಮಾತ್ರ ಗಟ್ಟಿಯಾಗಿರಲಿ. ರೈಲ್ವೆ ಆಸ್ತಿಯ ಅಕ್ರಮ ಸ್ವಾಧೀನದ ಬಗ್ಗೆ 1966ರ ಕಾಯ್ದೆಯೊಂದಿದೆ; ಕದ್ದದ್ದೆಂದು ಸಂಶಯ ಬರುವಂಥ ರೈಲ್ವೆ ವಸ್ತು ಕೈಯಲ್ಲಿದ್ದು, ಅದು ನ್ಯಾಯವಾಗಿ ಬಂತೆಂದು ತೋರಿಸಲಾಗದಿದ್ದರೆ ಐದು ವರ್ಷದವರೆಗೆ ಸೆರೆವಾಸವಾಗಬಹುದು. ನನ್ನ ಎರಡನೆಯ ಹಾರ್ನನ್ನು ಮಾರಿದವರು ಬಿಲ್ಲು ‘ನಾಳೆ ಕೊಡ್ತೀನ್ರಿ’ ಎಂದು ಮೂರು ತಿಂಗಳು ಅಲೆದಾಡಿಸಿದರು. ಕೊನೆಗೆ ನಾನು ಹಾರ್ನನ್ನೇ ಅವರಿಗೆ ಹಿಂತಿರುಗಿಸಿ ಬಂದೆ. ಹಣವೂ ಹೋಯಿತು. ಅಂದಿನಿಂದ ಹರಾಜಿನ ಪ್ರತಿ, ಮಾರಾಟದ ಬಿಲ್ಲು, ಹಾರ್ನಿನ ಮೇಲೆ ಅಚ್ಚಾದ ಸಂಖ್ಯೆಯ ಫೋಟೊ, ಈ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ದೇವರ ಮನೆಯ ಮಾಡದಲ್ಲಿ ಇಡುತ್ತೇನೆ. ಒಮ್ಮೆ ಸಮವಸ್ತ್ರದಲ್ಲಿದ್ದ ಇಬ್ಬರು ಬಂದು ವಿಚಾರಿಸಿದಾಗ ಆ ಕವರುಗಳನ್ನು ಅವರ ಮುಂದೆ ಹರಡಿದೆ. ಅವರು ಚಹಾ ಕುಡಿದು ಹೋದರು.

ಮನೆಗೆ ತಂದ ಹಾರ್ನನ್ನು ಕೂಡಲೇ ಊದಬಾರದು. ವರ್ಷಗಟ್ಟಲೆ ಶೆಡ್ಡಿನ ಹೊರಗೆ ಬಿದ್ದ ಹಾರ್ನಿನೊಳಗೆ ಏನಿದೆಯೆಂದು ಯಾರಿಗೆ ಗೊತ್ತು? ನನ್ನ ಮೂರನೆಯದರ ಕಹಳೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡಿತ್ತು. ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿ ಹಳೆಯ ಪತ್ರಿಕೆಯ ಮೇಲೆ ಉದುರಿಸಿಕೊಂಡೆ. ನಮ್ಮದು ಎರೆಭೂಮಿ; ಇಲ್ಲಿಯ ಕಣಜ ಗೂಡು ಕಟ್ಟಿದರೆ ಅದು ಕಪ್ಪಗಿರುತ್ತದೆ. ಪತ್ರಿಕೆಯ ಮೇಲೆ ಬಿದ್ದದ್ದು ಮಾತ್ರ ಇಟ್ಟಿಗೆ ಪುಡಿಯಂಥ ಕೆಮ್ಮಣ್ಣು, ನಡುವೆ ಒಣಗಿದ ಜೇಡದ ಕಾಲುಗಳು. ಆ ಎಂಜಿನ್ನು ಕೊನೆಯ ದಿನಗಳನ್ನು ಎಲ್ಲೋ ಕೆಂಪು ನೆಲದಲ್ಲಿ ಕಳೆದಿತ್ತೆಂಬುದು ಬಿಲ್ಲಿನಲ್ಲಿ ಬರೆದಿರಲಿಲ್ಲ. ಆ ಮಣ್ಣನ್ನು ಒಂದು ಗಾಜಿನ ಶೀಸೆಯಲ್ಲಿ ತುಂಬಿ ಹಾರ್ನಿನ ಪಕ್ಕದಲ್ಲೇ ಇಟ್ಟಿದ್ದೇನೆ.

ಬೋಲ್ಟುಗಳು ಹಿಡಿದುಕೊಂಡಿರುತ್ತವೆ. ಪಾನಾ ಹಾಕಿ ಬಲ ತೋರಿಸಿದರೆ ತಲೆ ಮುರಿದು ಕೈಗೆ ಬರುತ್ತದೆ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಹಾಕಿ, ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಆಮೇಲೆ ತಿರುಗಿಸಬೇಕು. ಡಯಾಫ್ರಮ್ಮನ್ನು ತೆಗೆಯುವ ಮೊದಲು ಅದರ ಯಾವ ಮುಖ ಯಾವ ಕಡೆಗಿತ್ತೆಂದು ಗುರುತು ಮಾಡಿಕೊಳ್ಳಿ. ಅದು ತಾಗಿ ಕೂರುವ ನಳಿಕೆಯ ಅಂಚನ್ನು ಮಾತ್ರ ಮರಳು ಕಾಗದದಿಂದ ಉಜ್ಜಲೇಬೇಡಿ. ಹೊರಗಿನ ಮೈಯನ್ನು ಎಷ್ಟಾದರೂ ಹೊಳೆಯಿಸಿ, ಆ ಅಂಚಿನಲ್ಲಿ ಒಂದು ಗೀರು ಬಿದ್ದರೂ ಗಾಳಿ ಸದ್ದಿಲ್ಲದೆ ಸೋರಿಹೋಗುತ್ತದೆ, ಹಾರ್ನು ಗೊರಗೊರ ಎನ್ನುತ್ತದೆ. ಮರಳಿ ಜೋಡಿಸುವಾಗ ಬೋಲ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಲಾರಿಯ ಗಾಲಿ ಹಾಕುವವರು ಮಾಡುವುದೂ ಇದನ್ನೇ.

ಇನ್ನು ಗಾಳಿ. ಡೀಸೆಲ್ ಎಂಜಿನ್ನಿನ ಮುಖ್ಯ ಟ್ಯಾಂಕಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 8ರಿಂದ 10 ಕೆ.ಜಿ. ಒತ್ತಡವಿರುತ್ತದೆ, ಬ್ರೇಕ್ ಪೈಪಿನಲ್ಲಿ 5. ಹಾರ್ನು ಕುಡಿಯುವುದು ಮುಖ್ಯ ಟ್ಯಾಂಕಿನಿಂದಲೇ. ಮೊದಲ ಸಲ ನಾನು ಮಾಡಿದ ತಪ್ಪು ಇಲ್ಲಿಯೇ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗೇಜು 8 ತೋರಿಸುತ್ತಿತ್ತು, ಸಾಕಲ್ಲವೇ ಎಂದುಕೊಂಡು ಗಾಲಿಗೆ ಗಾಳಿ ಹಾಕುವ ಸಣ್ಣ ಹೋಸನ್ನೇ ಹಾರ್ನಿಗೆ ಸಿಕ್ಕಿಸಿದೆ. ಸುತ್ತ ಹತ್ತು ಹನ್ನೆರಡು ಜನ ಕಿವಿ ಮುಚ್ಚಿಕೊಂಡು ನಿಂತಿದ್ದರು. ಬಂದದ್ದು ಕಾಲು ತುಳಿದ ನಾಯಿಮರಿಯ ಕುಂಯ್‌ಗುಟ್ಟುವಿಕೆ. ಒಬ್ಬ ಹುಡುಗ ‘ಇದು ರೈಲಿಂದಲ್ಲ ಬಿಡ್ರಿ, ಟ್ರಾಲಿದು’ ಎಂದ. ಹಾರ್ನಿಗೆ ಒತ್ತಡವಷ್ಟೇ ಸಾಲದು, ಒಮ್ಮೆಲೇ ನುಗ್ಗುವಷ್ಟು ಗಾಳಿಯೂ ಬೇಕು. ಟ್ಯಾಂಕಿನಿಂದ ಹಾರ್ನಿನವರೆಗಿನ ದಾರಿಯಲ್ಲಿ ಎಲ್ಲೇ ಕಿರಿದಾದರೂ ಅಲ್ಲಿಂದ ಮುಂದಕ್ಕೆ ಒತ್ತಡ ಬಿದ್ದುಹೋಗುತ್ತದೆ. ಗೇಜು ಇರುವುದು ಟ್ಯಾಂಕಿನ ಮೇಲೆ. ಹಾರ್ನಿನ ಬುಡದಲ್ಲಿ ಏನಾಗುತ್ತಿದೆಯೆಂದು ಅದಕ್ಕೆ ತಿಳಿಯುವುದಿಲ್ಲ. ಈಗ ನಾನು ಒಂದಿಂಚಿನ ಪೈಪು, ಅಷ್ಟೇ ಅಗಲದ ಬಾಲ್ ವಾಲ್ವ್ ಬಳಸುತ್ತೇನೆ, ದಾರಿಯನ್ನು ಎರಡು ಮೀಟರಿಗಿಂತ ಉದ್ದ ಬೆಳೆಯಗೊಡುವುದಿಲ್ಲ.

ಎಷ್ಟು ಗಾಳಿ ಎಂಬ ಲೆಕ್ಕ ಸರಳವಾದದ್ದು. ನೂರು ಲೀಟರಿನ ಟ್ಯಾಂಕಿನ ಒತ್ತಡ 8ರಿಂದ 6ಕ್ಕೆ ಇಳಿದರೆ ಹೊರಬಂದ ಗಾಳಿ ಹೊರಗಿನ ಒತ್ತಡದಲ್ಲಿ ಅಳೆದರೆ ಸುಮಾರು 200 ಲೀಟರ್. ಹಾರ್ನು ಅದನ್ನು ಕೆಲವೇ ಸೆಕೆಂಡುಗಳಲ್ಲಿ ನುಂಗುತ್ತದೆ. ನಿಮಿಷಕ್ಕೆ ನೂರು ಲೀಟರ್ ಕೊಡುವ ಮನೆಬಳಕೆಯ ಕಂಪ್ರೆಸರ್ ಅದನ್ನು ಮತ್ತೆ ತುಂಬಲು ಎರಡು ನಿಮಿಷ ದಡದಡಿಸಬೇಕು. ಹೀಗಾಗಿ ಮನೆಯ ಹಾರ್ನಿಗೆ ದೊಡ್ಡ ಕಂಪ್ರೆಸರಿಗಿಂತ ದೊಡ್ಡ ಟ್ಯಾಂಕು ಮುಖ್ಯ.

ಟ್ಯಾಂಕಿನ ವಿಷಯದಲ್ಲಿ ನಾನು ಸ್ವಲ್ಪ ಕಠೋರವಾಗಿ ಮಾತಾಡುತ್ತೇನೆ, ಕ್ಷಮಿಸಿ. ಹಳೆಯ ಗ್ಯಾಸ್ ಸಿಲಿಂಡರಿಗೆ ವಾಲ್ವ್ ಬೆಸೆದು ತಂದು ‘ಸರ್, ಇದು ನಡೀತದೇನ್ರಿ?’ ಎಂದು ಕೇಳುವ ಹುಡುಗರು ವರ್ಷಕ್ಕೊಬ್ಬರಾದರೂ ಬರುತ್ತಾರೆ. ನಡೆಯುವುದಿಲ್ಲ. ಮನೆಯ ಗ್ಯಾಸ್ ಸಿಲಿಂಡರು ನಮ್ಮ ಸ್ವತ್ತೇ ಅಲ್ಲ, ಅದನ್ನು ಬೆಸೆಯುವುದು ಪ್ರಾಣಕ್ಕೆ ಸಂಚಕಾರ. ನೀರಿನ ಪಿವಿಸಿ ಪೈಪನ್ನೂ ಗಾಳಿಗೆ ಬಳಸಬಾರದು. ಅದು ಸೋರಿ ಎಚ್ಚರಿಸುವ ಜಾತಿಯದಲ್ಲ, ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಲಾರಿಯ ಏರ್ ಬ್ರೇಕಿನ ಟ್ಯಾಂಕು ಸಿಗುತ್ತದೆ, ಅದಕ್ಕೆ ಅಭ್ಯಂತರವಿಲ್ಲ, ಆದರೆ ಒಳಗೆ ಎಷ್ಟು ತುಕ್ಕು ತಿಂದಿದೆಯೆಂದು ಹೊರಗಿನ ಬಣ್ಣ ಹೇಳುವುದಿಲ್ಲ. ಬಳಸುವ ಮೊದಲು ಅದನ್ನು ನೀರಿನಿಂದ ಗಂಟಲುವರೆಗೆ ತುಂಬಿ, ಕೈಪಂಪಿನಿಂದ ಬಳಸಬೇಕೆಂದಿರುವ ಒತ್ತಡದ ಒಂದೂವರೆಪಟ್ಟು ಕೊಟ್ಟು ನಿಲ್ಲಿಸಿ ನೋಡಿಸಬೇಕು. ನೀರು ಕುಗ್ಗುವುದಿಲ್ಲವಾದ್ದರಿಂದ ಟ್ಯಾಂಕು ಸೋತರೂ ಪಿಚ್ಚೆಂದು ಚಿಮ್ಮಿ ಸುಮ್ಮನಾಗುತ್ತದೆ. ಅದೇ ಪರೀಕ್ಷೆಯನ್ನು ಗಾಳಿಯಿಂದ ಮಾಡಿದರೆ ಟ್ಯಾಂಕು ಬಾಂಬಾಗುತ್ತದೆ. ಸೇಫ್ಟಿ ವಾಲ್ವ್ ಇಲ್ಲದೆ ಕಂಪ್ರೆಸರ್ ಚಾಲೂ ಮಾಡಬೇಡಿ.

ಟ್ಯಾಂಕಿನ ತಳದಲ್ಲಿ ಒಂದು ನಲ್ಲಿ ಇರುತ್ತದೆ. ಗಾಳಿಯನ್ನು ಒತ್ತಿದಾಗ ಅದರಲ್ಲಿನ ತೇವ ನೀರಾಗಿ ಕೆಳಗೆ ಕೂರುತ್ತದೆ, ಅದನ್ನು ಆಗಾಗ ಬಿಡಬೇಕು. ಒಂದು ಮಳೆಗಾಲ ನಾನು ಇದನ್ನು ಮರೆತೆ. ಅಮಾವಾಸ್ಯೆಯ ದಿನ ಮನೆತುಂಬ ನೆಂಟರು ಸೇರಿದ್ದಾಗ ಎಲ್ಲರ ಒತ್ತಾಯಕ್ಕೆ ವಾಲ್ವ್ ತೆರೆದೆ. ಮೊದಲು ಗುಳುಗುಳು ಎಂದಿತು, ಆಮೇಲೆ ತುಕ್ಕು ಬೆರೆತ ಕೆಂಪು ನೀರು ಕಹಳೆಯ ಬಾಯಿಂದ ಹೊರಹೊಮ್ಮಿ ಎದುರು ನಿಂತಿದ್ದ ನನ್ನ ಸೋದರಮಾವನ ಹೊಸ ಧೋತರದ ಮೇಲೆ ಬಿತ್ತು. ಮಾವ ಏನೂ ಅನ್ನಲಿಲ್ಲ. ಡಯಾಫ್ರಮ್ ಮಾತ್ರ ಆ ದಿನವೇ ಸೀಳಿತು.

ಈಗ ಸದ್ದಿನ ಪ್ರಮಾಣ. ಅಮೆರಿಕದ ನಿಯಮದಲ್ಲಿ ಎಂಜಿನ್ನಿನ ಮುಂದೆ 100 ಅಡಿ ದೂರದಲ್ಲಿ ಅಳೆದರೆ ಹಾರ್ನು 96 ಡೆಸಿಬೆಲ್‌ಗಿಂತ ಕಡಿಮೆಯಿರಬಾರದು, 110ನ್ನು ಮೀರಬಾರದು. ಹೋಲಿಕೆಗಾಗಿ ಆ ಅಂಕಿಯನ್ನೇ ಇಟ್ಟುಕೊಳ್ಳೋಣ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 30 ಮೀಟರಿನಲ್ಲಿ 110 ಇದ್ದದ್ದು 60ರಲ್ಲಿ 104, 120ರಲ್ಲಿ 98, ಒಂದು ಕಿಲೋಮೀಟರಿನ ಹತ್ತಿರ 80. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬರಿಯ ದೂರದ ಲೆಕ್ಕದಲ್ಲೇ 55ಕ್ಕೆ ಇಳಿಯಬೇಕಾದರೆ ಹದಿನೇಳು ಕಿಲೋಮೀಟರ್ ಬೇಕು; ಗಾಳಿ, ಗಿಡಮರ, ನೆಲ ಹೀರುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಬೇಗ ಇಳಿಯುತ್ತದೆ ನಿಜ, ಆದರೂ ಗಲ್ಲಿಯ ಮನೆಯಲ್ಲಿ ಪೂರ್ಣ ಒತ್ತಡದಲ್ಲಿ ಊದುವ ಮಾತೇ ಇಲ್ಲ. ಲೆಕ್ಕವನ್ನು ಹಿಂದಕ್ಕೆ ಓಡಿಸಿದರೆ ಇನ್ನೂ ಭಯವಾಗುತ್ತದೆ: 30 ಮೀಟರಿನಲ್ಲಿ 110 ಇರುವುದು ಒಂದು ಮೀಟರಿನಲ್ಲಿ 140ರ ಹತ್ತಿರ. ಈ ಸಭಾಂಗಣದಲ್ಲಿ ನಾನು ಯಾಕೆ ಊದುವುದಿಲ್ಲ ಎಂಬುದಕ್ಕೆ ಇದೇ ಉತ್ತರ. ಮುಂದಿನ ಸಾಲಿನ ಮಕ್ಕಳಿಗೂ ಈ ಮೇಜಿಗೂ ನಡುವೆ ಇರುವುದು ಎರಡೇ ಮೀಟರ್.

ಕಿವಿಯ ಬಗ್ಗೆ ನಮ್ಮೂರಿನವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಮಲಿಕ್-ಎ-ಮೈದಾನ ತೋಪನ್ನು ನೋಡಲು ಹೋದವರಿಗೆ ಮಾರ್ಗದರ್ಶಿಗಳು ಪಕ್ಕದ ನೀರಿನ ತೊಟ್ಟಿಯನ್ನೂ ತೋರಿಸುತ್ತಾರೆ: ಬತ್ತಿಗೆ ಬೆಂಕಿ ಇಟ್ಟವನು ಕಿವಿ ಉಳಿಸಿಕೊಳ್ಳಲು ಅದರಲ್ಲಿ ಮುಳುಗುತ್ತಿದ್ದನಂತೆ. ಕತೆಯಿರಲಿ, ನಿಜವಿರಲಿ, ಅವನಿಗಿದ್ದ ವಿವೇಕ ಮೊಬೈಲಿನಲ್ಲಿ ಚಿತ್ರೀಕರಿಸಲು ಹಾರ್ನಿನ ಬಾಯಿಗೇ ನಿಲ್ಲುವವರಿಗೆ ಇರುವುದಿಲ್ಲ. ನಾನು ಕಿವಿಯೊಳಗೆ ಫೋಮಿನ ಬಿರಡೆ, ಅದರ ಮೇಲೆ ಕಾರ್ಖಾನೆಯವರು ಹಾಕುವ ಕಿವಿಕವಚ, ಎರಡನ್ನೂ ಹಾಕಿಕೊಂಡು ಹಾರ್ನಿನ ಹಿಂದೆ ನಿಲ್ಲುತ್ತೇನೆ. ಗೋಲಗುಮ್ಮಟದ ಒಳಗೆ ಇದನ್ನು ಊದಿದರೆ ಹೇಗೆ ಎಂದು ಇಲ್ಲಿ ಒಬ್ಬ ತರುಣರು ಕೇಳಿದರು. ಪಿಸುಮಾತೇ ಗೋಡೆ ಹಿಡಿದು ಆಚೆ ಬದಿಗೆ ಮುಟ್ಟುವ ಜಾಗವದು. ನನ್ನನ್ನು ಅಲ್ಲಿಂದ ಹೊರಗೆ ಹಾಕುವವರ ಕೂಗು ಏಳು ಸಲ ಕೇಳಿಸುತ್ತದೆ ಎಂದಷ್ಟೇ ಹೇಳಬಲ್ಲೆ.

ವಾಹನಕ್ಕೆ ಹಾಕಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಒಂದೇ ಸಾಲಿನದು: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 119ನೆಯ ನಿಯಮ ಬಹುಸ್ವರದ ಹಾಗೂ ಕರ್ಕಶ ಹಾರ್ನುಗಳನ್ನು ನಿಷೇಧಿಸುತ್ತದೆ.

ಹಾಗಾದರೆ ಮನೆಯಲ್ಲಿ ಊದುವುದು ಹೇಗೆ? ನಮ್ಮ ತೋಟ ಊರಿನಿಂದ ಹೊರಗಿದೆ, ಹಳಿಯಿಂದ ಆರು ಕಿಲೋಮೀಟರ್ ದೂರ. ಹಳಿಯಿಂದ ದೂರ ಇರುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ನಿಯಮ. ಗೇಟಿನ ಹತ್ತಿರ, ನಿಲ್ದಾಣದ ಹತ್ತಿರ ಇದನ್ನು ಊದಿದರೆ ಬಾರದ ರೈಲಿಗೆ ಜನ ಓಡುತ್ತಾರೆ. ಹತ್ತು ಸಲ ಮೋಸಹೋದವರು ಹನ್ನೊಂದನೆಯ ಸಲ ನಿಜವಾದ ರೈಲಿಗೂ ಕದಲುವುದಿಲ್ಲ. ಹಾರ್ನಿನ ಬಾಯಿ ಖಾಲಿ ಹೊಲದ ಕಡೆಗೆ. ಹಾರ್ನಿನ ಬುಡದಲ್ಲಿ ಒತ್ತಡ ಇಳಿಸುವ ರೆಗ್ಯುಲೇಟರ್ ಇದೆ; ಎರಡು ಎರಡೂವರೆ ಕೆ.ಜಿ.ಗೆ ಇಳಿಸಿ, ಕಹಳೆಯ ಬಾಯಿಗೆ ಹಳೆಯ ಕೌದಿ ತುರುಕಿ ಊದುತ್ತೇನೆ. ಸ್ವರ ತನ್ನ ಜಾಗದಲ್ಲೇ ಇರುತ್ತದೆ, ಕಿರುಚುವ ಅಂಚು ಮಾತ್ರ ಹೋಗಿರುತ್ತದೆ. ಕೌದಿ ಯಾಕೆಂದರೆ, ಮೊದಲ ವರ್ಷ ಅದಿಲ್ಲದೆ ಬೆಳಗಿನ ಆರೂವರೆಗೆ ಪೂರ್ಣ ಒತ್ತಡದಲ್ಲಿ ಒಮ್ಮೆ ಊದಿದ್ದೆ. ಪಕ್ಕದ ಹೊಲದ ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು, ಎರಡು ದಿನ ಹಾಲು ಇಳಿಸಲಿಲ್ಲ. ಎಮ್ಮೆಯ ಯಜಮಾನರು ಚರಿಗೆ ಹಿಡಿದುಕೊಂಡು ನಮ್ಮ ಅಂಗಳದಲ್ಲಿ ನಿಂತು, ‘ಮಾಸ್ತರ, ಒಂದು ನಿಮ್ಮ ರೈಲು ಬಂದ್ ಮಾಡ್ರಿ, ಇಲ್ಲಂದ್ರ ನೀವ ಬಂದು ಹಾಲು ಹಿಂಡಿಕೊಡ್ರಿ’ ಎಂದರು. ಅಂದು ಅವರ ಜೊತೆ ಆದ ಕರಾರು ಇಂದಿಗೂ ನಡೆದಿದೆ: ಭಾನುವಾರ ಮಾತ್ರ, ಹನ್ನೊಂದು ಗಂಟೆಯ ಮೇಲೆ, ಮೊದಲು ಫೋನ್ ಮಾಡಿ.

ಇಷ್ಟೆಲ್ಲ ಮಾಡಿ ಊದಿದ ಮೇಲೂ ಕೆಲವರು ‘ಇದು ರೈಲಿನ ಹಾಗೆ ಕೇಳಿಸಲಿಲ್ಲ’ ಎನ್ನುತ್ತಾರೆ. ಅವರ ಕಿವಿ ಸರಿಯಾಗಿಯೇ ಇದೆ. ಗೇಟಿನಲ್ಲಿ ನಿಂತು ನಾವು ಕೇಳುವ ಹಾರ್ನು ಓಡುತ್ತಿರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವಾಗ ಅದರ ಸ್ವರ ನಿಜವಾದದ್ದಕ್ಕಿಂತ ಶೇಕಡಾ 9ರಷ್ಟು ಏರಿ ಕೇಳಿಸುತ್ತದೆ, ದಾಟಿ ಹೋದ ಮೇಲೆ ಶೇಕಡಾ 7ಕ್ಕಿಂತ ಹೆಚ್ಚು ಇಳಿಯುತ್ತದೆ; ಒಟ್ಟಾರೆ ಹಾರ್ಮೋನಿಯಂನಲ್ಲಿ ಹೆಚ್ಚುಕಡಿಮೆ ಮೂರು ಮನೆ ಕೆಳಕ್ಕೆ ಜಾರಿದಂತೆ. ಆ ಜಾರುವಿಕೆಯೇ ನಮ್ಮ ನೆನಪಿನ ರೈಲು. ಹೊಲದ ಬದುವಿನ ಮೇಲೆ ಕಬ್ಬಿಣದ ಚೌಕಟ್ಟಿಗೆ ಬಿಗಿದ ಹಾರ್ನಿನಲ್ಲಿ ಅದು ಎಂದಿಗೂ ಬರುವುದಿಲ್ಲ.

ಆದರೆ ಬರುವಂಥದ್ದು ಇನ್ನೊಂದಿದೆ, ಅದು ಹಾರ್ನಿನ ಭಾಷೆ. ರೈಲಿನಲ್ಲಿ ಹಾರ್ನು ಮನಸ್ಸಿಗೆ ಬಂದಂತೆ ಊದುವ ವಸ್ತುವಲ್ಲ. ಒಂದೊಂದು ಊದಿಗೂ ನಿಯಮದ ಪುಸ್ತಕದಲ್ಲಿ ಅರ್ಥವಿದೆ. ಮೂರು ಗಿಡ್ಡ ಊದಿದರೆ ಗಾರ್ಡ್ ಬ್ರೇಕ್ ಹಾಕಬೇಕು; ನಾಲ್ಕು ಗಿಡ್ಡ ಊದಿದರೆ ಅಪಘಾತ ಅಥವಾ ಕೆಡುಕಿನಿಂದ ಗಾಡಿ ಮುಂದೆ ಹೋಗಲಾರದು, ಹಿಂದಿನಿಂದ ರಕ್ಷಣೆ ಕೊಡಿ ಎಂದು; ಉದ್ದ ಗಿಡ್ಡ, ಉದ್ದ ಗಿಡ್ಡ ಊದಿದರೆ ಗಾಡಿ ನಡುವೆ ಕಡಿದುಹೋಗಿದೆ. ಗೇಟಿಗೆ ಮೊದಲು ಹಳಿಯ ಪಕ್ಕದ ಹಳದಿ ಫಲಕದಲ್ಲಿ ಹಿಂದಿಯಲ್ಲಿ ‘ಸೀ/ಫಾ’ ಎಂದು ಬರೆದಿರುವುದನ್ನು ನೀವು ನೋಡಿರಬಹುದು: ಸೀಟಿ ಹೊಡಿ, ಫಾಟಕ ಬಂತು. ಅಲ್ಲಿಂದ ಒಂದೇ ಸಮನೆ ಉದ್ದ ಊದು. ಗಾರ್ಡ್ ಎಂಬ ಹೆಸರು 2022ರಲ್ಲಿ ಟ್ರೇನ್ ಮ್ಯಾನೇಜರ್ ಎಂದಾಯಿತು, ನನ್ನ ಬಾಯಿಗೆ ಮಾತ್ರ ಅದಿನ್ನೂ ಕೂತಿಲ್ಲ.

ಕಳೆದ ವರ್ಷ ನಿವೃತ್ತ ಲೋಕೊ ಪೈಲಟ್ ಒಬ್ಬರು ತೋಟಕ್ಕೆ ಬಂದಿದ್ದರು. ಮೂವತ್ತು ವರ್ಷ ಎಂಜಿನ್ನು ಓಡಿಸಿದವರು, ಈಗ ಎಡಗಿವಿ ಮಂದ. ವಾಲ್ವಿನ ಹಿಡಿಕೆಯನ್ನು ಅವರ ಕೈಗೆ ಕೊಟ್ಟೆ. ಅವರು ಕೂಡಲೇ ಊದಲಿಲ್ಲ. ಮೊದಲು ಗೇಜು ನೋಡಿದರು, ಬಗ್ಗಿ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ನೀರು ಬಿಟ್ಟರು, ಜೋಡಣೆಗಳ ಮೇಲೆಲ್ಲ ಬೆರಳಿನಿಂದ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕಾದರು. ಮೂರನೆಯ ಜೋಡಣೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು. ‘ಇದನ್ನ ಹೀಂಗ ಬಿಟ್ಟೀರೇನ್ರಿ?’ ಎಂದು ನನ್ನ ಮುಖ ನೋಡಿದರು. ಗಾಳಿ ಇಳಿಸಿ, ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಬಿಗಿದು, ಟ್ಯಾಂಕು ತುಂಬುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಅವರು ಹಿಡಿಕೆಯನ್ನು ಒಮ್ಮೆ ಉದ್ದ, ಒಮ್ಮೆ ಗಿಡ್ಡ ಎಳೆದರು. ಗಾಡಿ ಹೊರಡುವ ಮುಂಚಿನ ಊದು ಅದು. ಹೊಲದ ಆ ತುದಿಯಲ್ಲಿದ್ದ ಬೆಳ್ಳಕ್ಕಿಗಳು ಎದ್ದು ಮತ್ತೆ ಅಲ್ಲೇ ಕೂತವು.

ಬರುವ ಭಾನುವಾರ ಹನ್ನೊಂದಕ್ಕೆ ತೋಟದಲ್ಲಿ ಈ ಜೋಡಿಯನ್ನು ಊದುತ್ತೇನೆ. ಆಮಂತ್ರಣದಲ್ಲಿ ಅಚ್ಚಾದ ಪ್ರಾತ್ಯಕ್ಷಿಕೆ ಅಂದು ಅಲ್ಲಿ. ಬರುವವರು ಕಿವಿಗೆ ಹತ್ತಿ ತನ್ನಿ, ಮಕ್ಕಳಿಗೆ ಕಿವಿಕವಚ ನನ್ನ ಬಳಿ ನಾಲ್ಕೇ ಇವೆ, ಸರದಿಯಲ್ಲಿ ಹಾಕಿಕೊಳ್ಳಬೇಕು. ಎಲ್ಲರೂ ಹಾರ್ನಿನ ಹಿಂದೆ, ಬೇವಿನ ಮರದ ಆಚೆಗೆ ನಿಲ್ಲಬೇಕಾಗುತ್ತದೆ. ಎಮ್ಮೆಯ ಯಜಮಾನರಿಗೆ ನಿನ್ನೆಯೇ ಫೋನ್ ಮಾಡಿದ್ದೇನೆ, ಅಷ್ಟೊತ್ತಿಗೆ ಹಾಲು ಹಿಂಡಿ ಮುಗಿಸಿರುತ್ತೇನೆ ಎಂದಿದ್ದಾರೆ.